ಜನ ಇರುವ ಕಡೆಯೇ ಭೇಟಿಯಾಗಿ ಅಂತಾರೆ, ಮಂಗಳೂರಲ್ಲಿ ಅದೆಲ್ಲಿ?

ಆನ್‌ಲೈನ್‌ನಲ್ಲಿ ಪರಿಚಯವಾದವರನ್ನು ಮೊದಲ ಸಲ ಭೇಟಿಯಾಗುವವರಿಗೆ ಜಗತ್ತಿನ ಎಲ್ಲಾ ಕಡೆ ಸಿಗುವ ಸಲಹೆ ಒಂದೇ. ಜನ ಓಡಾಡುವ ಜಾಗದಲ್ಲಿ ಭೇಟಿಯಾಗಿ, ಹಗಲು ಹೊತ್ತಲ್ಲೇ ಆಗಲಿ, ಎಲ್ಲಿಗೆ ಹೋಗ್ತಿದ್ದೀರಿ ಅಂತ ಒಬ್ಬರಿಗಾದರೂ ಹೇಳಿ ಹೋಗಿ. ಮಂಗಳೂರಿನ ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆಯಾದರೂ ನಡೆಯುವ ಸೈಬರ್ ಜಾಗೃತಿ ಕಾರ್ಯಕ್ರಮಗಳಲ್ಲೂ ಇದೇ ಮಾತು ಬರ್ತದೆ. ಅಂಥದ್ದೊಂದು ಕಾರ್ಯಕ್ರಮದಲ್ಲಿ ನಾನೂ ಕೂತಿದ್ದೆ. ಸಲಹೆಯ ಸ್ಲೈಡ್ ಪರದೆ ಮೇಲೆ ಬಂದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೇಳಿದ: "ಸರ್, ಜನ ಇರುವ ಜಾಗ ಅಂದ್ರೆ ಯಾವುದು? ಬೀಚಾ?" ಇಡೀ ಹಾಲ್ ನಕ್ಕಿತು. ಸಂಪನ್ಮೂಲ ವ್ಯಕ್ತಿಯೂ ನಕ್ಕು ಮುಂದಿನ ಸ್ಲೈಡಿಗೆ ಹೋದರು.

ಬೇರೆ ಊರಲ್ಲಾಗಿದ್ದರೆ ಆ ಪ್ರಶ್ನೆಯಲ್ಲಿ ನಗುವಂಥದ್ದು ಏನೂ ಇಲ್ಲ. ಇಲ್ಲಿ ಯಾಕೆ ನಕ್ಕರು ಅಂತ ಕರಾವಳಿಯವರಿಗೆ ವಿವರಿಸುವ ಅಗತ್ಯವೂ ಇಲ್ಲ. ಆದರೂ ಒಮ್ಮೆ ಜಾಗಗಳನ್ನು ಲೆಕ್ಕ ಹಾಕೋಣ. 2009ರ ಜನವರಿ 24ರಂದು ಪಬ್. ಶ್ರೀರಾಮ ಸೇನೆಯವರು ಅಮ್ನೇಷಿಯಾಕ್ಕೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದು ಅಟ್ಟಿದ್ದನ್ನು ದೇಶವೇ ಟಿವಿಯಲ್ಲಿ ನೋಡಿತು; 2018ರ ಮಾರ್ಚ್‌ನಲ್ಲಿ ಪ್ರಮೋದ್ ಮುತಾಲಿಕ್ ಸೇರಿದಂತೆ ಆರೋಪಿಗಳು ಖುಲಾಸೆಯಾದರು. 2012ರ ಜುಲೈ 28ರಂದು ಪಡೀಲಿನ ಹೋಮ್‌ಸ್ಟೇ, ಒಂದು ಹುಟ್ಟುಹಬ್ಬದ ಪಾರ್ಟಿ. ಆ ದಾಳಿಯನ್ನು ಲೋಕಕ್ಕೆ ತೋರಿಸಿದ ಪತ್ರಕರ್ತ ನವೀನ್ ಸೂರಿಂಜೆ ತಿಂಗಳುಗಟ್ಟಲೆ ಜೈಲಿನಲ್ಲಿದ್ದರು, ದಾಳಿಯ ಆರೋಪಿಗಳು 2024ರ ಆಗಸ್ಟ್‌ನಲ್ಲಿ ಖುಲಾಸೆಯಾದರು. 2015ರ ಆಗಸ್ಟ್‌ನಲ್ಲಿ ಅತ್ತಾವರ: ಸಹೋದ್ಯೋಗಿ ಯುವತಿಯ ಜೊತೆ ಕಾರಿನಲ್ಲಿದ್ದ ಯುವಕನನ್ನು ಎಳೆದು ಕಂಬಕ್ಕೆ ಕಟ್ಟಿ ಹೊಡೆದರು. 2021ರ ಸೆಪ್ಟೆಂಬರ್‌ನಲ್ಲಿ ಹೆದ್ದಾರಿ: ಮಲ್ಪೆಯಿಂದ ವಾಪಸಾಗುತ್ತಿದ್ದ ವೈದ್ಯಕೀಯ ವಿದ್ಯಾರ್ಥಿಗಳ ಕಾರನ್ನು ಸುರತ್ಕಲ್ ಬಳಿ ಅಡ್ಡಗಟ್ಟಿದರು. 2023ರ ಜೂನ್ 1ರಂದು ಸೋಮೇಶ್ವರದ ಕಡಲತೀರ: ಕೇರಳ ಮೂಲದ ಮೂವರು ಮುಸ್ಲಿಂ ವಿದ್ಯಾರ್ಥಿಗಳು ಹಿಂದೂ ಗೆಳತಿಯರ ಜೊತೆ ಬಂದಿದ್ದರು ಅನ್ನುವುದಕ್ಕೆ ಹೊಡೆತ.

ಪಬ್ಬು, ಹೋಮ್‌ಸ್ಟೇ, ಕಾರು, ಹೆದ್ದಾರಿ, ಬೀಚು. ಇವುಗಳಲ್ಲಿ ಹೆಚ್ಚಿನವು ಜನ ಇರುವ ಜಾಗಗಳೇ. ಸುರತ್ಕಲ್ ಘಟನೆಯ ಮರು ತಿಂಗಳು ಇದೇ ಊರಿಗೆ ಬಂದಿದ್ದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ, ಭಾವನೆಗಳಿಗೆ ಧಕ್ಕೆಯಾದಾಗ ಕ್ರಿಯೆಗೆ ಪ್ರತಿಕ್ರಿಯೆ ಇದ್ದೇ ಇರುತ್ತದೆ ಎಂಬ ಅರ್ಥದ ಮಾತಾಡಿ ಹೋದರು. ಅಂದರೆ ಸ್ನೇಹ 'ಕ್ರಿಯೆ', ಪೆಟ್ಟು 'ಪ್ರತಿಕ್ರಿಯೆ'. ನ್ಯೂಟನ್ನನ ಮೂರನೇ ನಿಯಮವನ್ನು ನಾನು ನಾಲ್ಕು ವರ್ಷ ಎಂಜಿನಿಯರಿಂಗ್‌ನಲ್ಲಿ ಓದಿದವನು. ಅದರಲ್ಲಿ ಎರಡೂ ಬಲ ಸಮ ಇರಬೇಕು ಅಂತ ಉಂಟು. ಇರಲಿ.

ಆನ್‌ಲೈನ್ ಸ್ನೇಹದ ಲಾಭ-ಅಪಾಯಗಳ ಬಗ್ಗೆ ಕನ್ನಡದಲ್ಲಿ ಬರುವ ಹೆಚ್ಚಿನ ಬರಹಗಳು ಅಪರಿಚಿತನೇ ಅಪಾಯ ಅಂತ ಹಿಡಿದು ಹೊರಡುತ್ತವೆ. ಮಂಗಳೂರಿನಲ್ಲಿ ಈ ಲೆಕ್ಕಕ್ಕೆ ಮೂರನೆಯವನೊಬ್ಬ ಸೇರುತ್ತಾನೆ. ಸ್ನೇಹ ಮಾಡಿದವರು ಇಬ್ಬರು, ದೂರದಿಂದ ನೋಡುತ್ತಾ ನಿಂತವನು ಮೂರನೆಯವ. ಅವನ ಹೆದರಿಕೆಯಿಂದ ಮೊದಲಿನ ಇಬ್ಬರು ಜನರ ಕಣ್ಣು ತಪ್ಪಿಸಿ ಭೇಟಿಯಾಗ್ತಾರೆ, ಯಾರಿಗೂ ಹೇಳದೆ ಹೋಗ್ತಾರೆ. ಆ ಇಬ್ಬರಲ್ಲಿ ಒಬ್ಬ ನಿಜಕ್ಕೂ ಮೋಸಗಾರನಾಗಿದ್ದರೆ? ಸುರಕ್ಷತೆಗೆ ಅಂತ ಹೇಳಿದ ಪ್ರತಿಯೊಂದು ನಿಯಮವನ್ನೂ ಆ ಹುಡುಗಿ ಅಷ್ಟರಲ್ಲಿ ಮುರಿದಾಗಿರ್ತದೆ. ಮುರಿಯದೆ ಬೇರೆ ದಾರಿ ಇರಲಿಲ್ಲ. ಸಂಸ್ಕೃತಿಯ ಕಾವಲಿಗೆ ಅಂತ ನಿಂತವರು ದಿನನಿತ್ಯ ಮಾಡುತ್ತಿರುವುದು ಮೋಸಗಾರರಿಗೆ ಬೇಕಾದ ಕತ್ತಲೆಯ ಪೂರೈಕೆ. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದು ಅದು ಹೇಗೆ ಎಂಬ ವಿವರ.

ಮೊದಲು ಲಾಭದ ಮಾತು, ಯಾಕೆಂದರೆ ಅದನ್ನು ಸಣ್ಣದು ಮಾಡಿ ಮಾತಾಡುವುದು ಅಭ್ಯಾಸವಾಗಿಬಿಟ್ಟಿದೆ. ನಾನು ಎಂಜಿನಿಯರಿಂಗ್ ಸೇರಿದ ಹೊತ್ತಿಗೆ ಆರ್ಕುಟ್ ಜೋರಾಗಿತ್ತು. 2004ರಲ್ಲಿ ಶುರುವಾಗಿ 2014ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿದ ಆ ತಾಣದಲ್ಲಿ ಫುಟ್‌ಬಾಲ್ ಬಗ್ಗೆ ಜಗಳ ಆಡುತ್ತಾ ನನಗೊಬ್ಬ ಗೆಳೆಯ ಸಿಕ್ಕಿದ. ಮೂರು ತಿಂಗಳು ಸ್ಕ್ರ್ಯಾಪ್‌ನಲ್ಲಿ ಬೈದಾಡಿದ ಮೇಲೆ ಗೊತ್ತಾಯಿತು, ಅವನ ಮನೆ ಉಳ್ಳಾಲ. ನೇತ್ರಾವತಿ ಸೇತುವೆ ದಾಟಿದರೆ ಸಿಗುವ ಊರು. ಅಷ್ಟು ಹತ್ತಿರ ಇದ್ದು ಇಬ್ಬರೂ 18 ವರ್ಷ ಒಬ್ಬರನ್ನೊಬ್ಬರು ನೋಡುವ ಸಂದರ್ಭವೇ ಬಂದಿರಲಿಲ್ಲ. ಅವನ ಶಾಲೆ ಬೇರೆ, ನನ್ನ ಶಾಲೆ ಬೇರೆ. ಅವನು ಬ್ಯಾರಿ ಮಾತಾಡುವವ, ನಾನು ತುಳು. ಅವನ ಹಬ್ಬಕ್ಕೆ ನಮಗೆ ರಜೆ, ನಮ್ಮ ಹಬ್ಬಕ್ಕೆ ಅವನಿಗೆ ರಜೆ. ಒಬ್ಬರ ಮನೆಗೆ ಇನ್ನೊಬ್ಬರು ಹೋಗುವುದಕ್ಕೆ ಮಾತ್ರ ಕಾರಣ ಇರಲಿಲ್ಲ.

ಹೀಗೆ ಸಿಗುವ ಪರಿಚಯಗಳ ಬೆಲೆ ಏನು ಅಂತ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಒಂದು ಲೇಖನದಲ್ಲಿ ಹೇಳಿದ್ದರು. ಅಮೆರಿಕದ ಒಂದು ಊರಿನಲ್ಲಿ ಕೆಲಸ ಬದಲಿಸಿದವರನ್ನು ಕೇಳಿದಾಗ, ಪರಿಚಯಸ್ಥರ ಮೂಲಕ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಸುದ್ದಿ ಕೊಟ್ಟವರು ಆಪ್ತಮಿತ್ರರಲ್ಲ, ಅಪರೂಪಕ್ಕೆ ಸಿಗುವವರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ವಲಯದಿಂದ. ಇದನ್ನು ನಮ್ಮ ಕರಾವಳಿಯವರಿಗೆ ಪುಸ್ತಕ ನೋಡಿ ಕಲಿಸಬೇಕಾಗಿಲ್ಲ. ಗಲ್ಫಿನ ವೀಸಾ, ಮುಂಬೈಯ ಹೋಟೆಲ್ ಕೆಲಸ ಬಂದದ್ದೆಲ್ಲ ದೂರದ ಪರಿಚಯಗಳಿಂದಲೇ. ಆದರೆ ಆ ಪರಿಚಯಗಳು ಬಹುಮಟ್ಟಿಗೆ ಜಾತಿ, ಮತ, ಊರಿನ ನಂಟಿನ ಒಳಗೇ ಓಡಾಡುತ್ತಿದ್ದವು. ಆ ಗೆರೆ ದಾಟುವ ಅವಕಾಶ ಮೊದಲ ಬಾರಿಗೆ ಅಗ್ಗವಾಗಿ ಸಿಕ್ಕಿದ್ದು ಫೋನಿನಲ್ಲಿ. ಈಗ ಇಲ್ಲಿನ ರಕ್ತದಾನದ ವಾಟ್ಸ್‌ಆಪ್ ಗುಂಪುಗಳನ್ನು ನೋಡಿ. 'ಓ ನೆಗೆಟಿವ್ ಬೇಕು, ಅರ್ಜೆಂಟ್' ಅಂತ ಮೆಸೇಜ್ ಬಿದ್ದರೆ ಬರುವವನ ಹೆಸರು ಯಾರೂ ಕೇಳುವುದಿಲ್ಲ. ತುಳು ಸಿನಿಮಾದ ಹುಚ್ಚರು, ಯಕ್ಷಗಾನದ ಹಳೇ ರೆಕಾರ್ಡಿಂಗ್ ಹುಡುಕುವವರು, ಮನೆಯಲ್ಲಿ ಹೇಳಿಕೊಳ್ಳಲಾಗದ ಲೈಂಗಿಕತೆಯ ಹುಡುಗ-ಹುಡುಗಿಯರು, ಹಾಸ್ಟೆಲಿನಲ್ಲಿ ಒಂಟಿಯಾಗಿರುವ ಈಶಾನ್ಯದ ವಿದ್ಯಾರ್ಥಿಗಳು, ಇವರೆಲ್ಲ ತಮ್ಮವರನ್ನು ಕಂಡುಕೊಂಡದ್ದು ಅಲ್ಲೇ. ಇದು ಟೈಂಪಾಸ್ ಅಲ್ಲ. ಕೆಲವರಿಗೆ ಉಸಿರಾಡುವ ಜಾಗ.

ಪಬ್ ದಾಳಿಯ ಮರುತಿಂಗಳಲ್ಲೇ ನಿಶಾ ಸೂಸನ್ ಮತ್ತು ಗೆಳತಿಯರು ಫೇಸ್‌ಬುಕ್‌ನಲ್ಲಿ ಗುಂಪು ಕಟ್ಟಿ ಮುತಾಲಿಕ್‌ಗೆ ಪಿಂಕ್ ಚಡ್ಡಿ ಕಳಿಸುವ ಅಭಿಯಾನ ನಡೆಸಿದ್ದು ನೆನಪಿರಬಹುದು. ಸಾವಿರಾರು ಅಪರಿಚಿತರು ಜೊತೆಯಾದರು. ಆಗ ಕಾಲೇಜಿನಲ್ಲಿದ್ದ ನಮಗೆ ಅದು ರೋಮಾಂಚನ. ಆದರೆ ಫೇಸ್‌ಬುಕ್ಕಿನ ಆ ಸಾವಿರಾರು ಗೆಳತಿಯರಲ್ಲಿ ಒಬ್ಬರೂ ಸಂಜೆ ಆರು ಗಂಟೆಗೆ ಸ್ಟೇಟ್‌ಬ್ಯಾಂಕ್‌ನಲ್ಲಿ ಬಸ್ ಹತ್ತುವ ಹುಡುಗಿಯ ಪಕ್ಕ ನಿಲ್ಲಲಾರರು. ನಿಲ್ಲುವವನು ಬೇರೆಯೇ ಒಬ್ಬ, ಅವನಿಗೂ ಒಂದು ನೆಟ್‌ವರ್ಕ್ ಉಂಟು. ಪಿಯುಸಿಎಲ್ ಕರ್ನಾಟಕ ಘಟಕ 2009ರಲ್ಲೇ ದಕ್ಷಿಣ ಕನ್ನಡದ ಈ ಕಾವಲುಗಾರಿಕೆಯ ಬಗ್ಗೆ ವರದಿ ಪ್ರಕಟಿಸಿತ್ತು. ವಾಟ್ಸ್‌ಆಪ್ ಇನ್ನೂ ಇಲ್ಲಿಗೆ ಬಂದಿರದ ಕಾಲ ಅದು. ಆಗ ಒಂದು ಫೋನ್ ಕಾಲ್‌ನಲ್ಲಿ ಆಗುತ್ತಿದ್ದ ಕೆಲಸ ಈಗ ಒಂದು ಫೋಟೋ, ಗಾಡಿ ನಂಬರ್ ಮತ್ತು ಲೊಕೇಶನ್ ಪಿನ್‌ನಲ್ಲಿ ಆಗುತ್ತದೆ. ಗೆಳೆಯರನ್ನು ಸೇರಿಸುವ ಯಂತ್ರವೇ ಗೆಳೆಯರನ್ನು ಹಿಡಿಯುವವರನ್ನೂ ಸೇರಿಸುತ್ತದೆ.

ಇನ್ನು ಯಂತ್ರದ ಒಳಗಿನ ಲೆಕ್ಕ. 'ನಿಮಗೆ ಪರಿಚಯ ಇರಬಹುದಾದವರು' ಅಂತ ಫೇಸ್‌ಬುಕ್ ತೋರಿಸುವ ಪಟ್ಟಿ ಮುಖ್ಯವಾಗಿ ನಿಮ್ಮ ಗೆಳೆಯರ ಗೆಳೆಯರು, ನಿಮ್ಮ ಫೋನ್‌ಬುಕ್‌ನಲ್ಲಿ ಇರುವವರು, ನಿಮ್ಮದೇ ಶಾಲೆ-ಊರು ಹಾಕಿದವರು. ಎರಡು ಅಕೌಂಟುಗಳ ನಡುವೆ ಸಾಮಾನ್ಯ ಗೆಳೆಯರು ಹೆಚ್ಚಿದ್ದಷ್ಟೂ ಅವರನ್ನು ಜೋಡಿಸುವ ಸಾಧ್ಯತೆ ಹೆಚ್ಚು. ನಮ್ಮಂಥ ಊರಿನಲ್ಲಿ ಇದರ ಫಲ ಏನು ಅಂದರೆ, ಬೀದಿಯಲ್ಲಿ ಇರುವ ಗೆರೆಯೇ ಪರದೆ ಮೇಲೂ ಎಳೆದುಕೊಳ್ಳುತ್ತದೆ. ಬಂಟರಿಗೆ ಬಂಟರು, ಕ್ರಿಶ್ಚಿಯನ್ನರಿಗೆ ಕ್ರಿಶ್ಚಿಯನ್ನರು, ಬ್ಯಾರಿಗಳಿಗೆ ಬ್ಯಾರಿಗಳು. ಗೆರೆ ದಾಟಬೇಕಾದರೆ ಆಸಕ್ತಿಯ ಗುಂಪೊಂದಕ್ಕೆ ಹೋಗಬೇಕು.

ಈ ಲೆಕ್ಕದಲ್ಲಿ ಒಂದು ದೊಡ್ಡ ತೂತು ಉಂಟು, ಮೋಸಗಾರರಿಗೆ ಅದು ಚೆನ್ನಾಗಿ ಗೊತ್ತು. ರಿಕ್ವೆಸ್ಟ್ ಬಂದಾಗ ನಾವೆಲ್ಲ ಮೊದಲು ನೋಡುವುದು 'ಮ್ಯೂಚುವಲ್ ಫ್ರೆಂಡ್ಸ್' ಎಷ್ಟು ಅಂತ. ಹನ್ನೆರಡು ಅಂತ ಇದ್ದರೆ ಸಾಕು, ನಮ್ಮವನೇ ಇರಬೇಕು. ಆ ಹನ್ನೆರಡು ಮಂದಿಯೂ ಹೀಗೇ ಅಂದುಕೊಂಡು ಒಪ್ಪಿಕೊಂಡವರು! ಕಣ್ಣುಮುಚ್ಚಿ ಒಪ್ಪುವ ಒಬ್ಬ ಕ್ಲಾಸ್‌ಮೇಟ್ ಸಿಕ್ಕರೆ ಎರಡನೆಯವನಿಗೆ ಒಂದು ಸಾಕ್ಷಿ, ಮೂರನೆಯವನಿಗೆ ಎರಡು. ಒಂದು ವಾರದಲ್ಲಿ ಇಡೀ ತರಗತಿ ಒಳಗೆ. 'ನಮ್ಮವರ ಪರಿಚಯದವ' ಎಂಬ ಗುರುತನ್ನೇ ಮೋಸಗಾರ ಮೊದಲು ನಕಲು ಮಾಡುವುದು.

ಇದು ಫೇಸ್‌ಬುಕ್ ಕಂಡುಹಿಡಿದ ಉಪಾಯ ಅಲ್ಲ. ಈ ಜಿಲ್ಲೆ ಅದನ್ನು ಬಸ್‌ಸ್ಟ್ಯಾಂಡಿನಲ್ಲೇ ನೋಡಿದೆ.

2009ರ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಯುವತಿಯೊಬ್ಬಳು ನಾಪತ್ತೆಯಾದಳು. ಅನ್ಯಕೋಮಿನ ಹುಡುಗನ ಜೊತೆ ಓಡಿಹೋಗಿದ್ದಾಳೆ, ಅಲ್ಲ, ಓಡಿಸಿಕೊಂಡು ಹೋಗಿದ್ದಾರೆ ಅಂತ ಸುದ್ದಿ ಹಬ್ಬಿತು. ಪ್ರತಿಭಟನೆಗಳಾದವು, ಪೊಲೀಸ್ ಠಾಣೆಗೇ ಬೆಂಕಿ ಹಚ್ಚುವ ಮಾತು ಬಂತು. ಪೊಲೀಸರು ಅವಳ ಫೋನ್ ಕರೆಗಳ ಜಾಡು ಹಿಡಿದು ಹೊರಟರೆ ಒಂದು ನಂಬರು ನಾಪತ್ತೆಯಾದ ಇನ್ನೊಬ್ಬ ಮಹಿಳೆಯ ಕಡೆಗೆ ಕರೆದೊಯ್ದಿತು, ಅಲ್ಲಿಂದ ಇನ್ನೊಬ್ಬಳು. ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದವನು ಮೋಹನ್ ಕುಮಾರ್, ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವ. ಮುಂದೆ ಸಯನೈಡ್ ಮೋಹನ್ ಅಂತ ಊರಿಡೀ ಕರೆದ ಮನುಷ್ಯ. ಅವನ ಮೇಲೆ ಒಟ್ಟು 20 ಮಹಿಳೆಯರ ಕೊಲೆಯ ಪ್ರಕರಣಗಳು. ಮಂಗಳೂರಿನ ನ್ಯಾಯಾಲಯದಲ್ಲಿ ಮೊದಲ ತೀರ್ಪುಗಳು 2013ರ ಡಿಸೆಂಬರ್‌ನಲ್ಲಿ, ಇಪ್ಪತ್ತನೆಯದು 2020ರ ಜೂನ್‌ನಲ್ಲಿ ಬಂದವು.

ಅವನ ಕ್ರಮವನ್ನು ಗಮನಿಸಿ. ಬಸ್‌ಸ್ಟ್ಯಾಂಡ್‌ನಂಥ ಜಾಗಗಳಲ್ಲಿ ಪರಿಚಯ ಮಾಡಿಕೊಳ್ಳುತ್ತಿದ್ದ. ಸರಕಾರಿ ಕೆಲಸ ಅಂತಿದ್ದ. ಸುಳ್ಳು ಹೆಸರು ಹೇಳುತ್ತಿದ್ದ, ಆ ಹೆಸರು ಹುಡುಗಿಯ ಜಾತಿಗೆ ಹೊಂದುವಂಥದ್ದು. ವರದಕ್ಷಿಣೆ ಬೇಡ, ಮದುವೆಯಾಗ್ತೇನೆ ಅಂತಿದ್ದ. ವರದಕ್ಷಿಣೆ ಹೊಂದಿಸಲಾಗದೆ ಮದುವೆ ಮುಂದೆ ಹೋಗುತ್ತಿದ್ದ ಬಡ ಮನೆಯ ಹೆಣ್ಣುಮಕ್ಕಳನ್ನೇ ಆರಿಸುತ್ತಿದ್ದ. ಚಿನ್ನ ಹಾಕಿಕೊಂಡು ಬಾ, ಮನೆಯಲ್ಲಿ ಹೇಳಬೇಡ ಅಂತ ದೂರದ ಊರಿನ ಲಾಡ್ಜಿಗೆ ಕರೆದೊಯ್ದು, ಮರುದಿನ ಬೆಳಿಗ್ಗೆ ಗರ್ಭ ತಡೆಯುವ ಮಾತ್ರೆ ಅಂತ ಸಯನೈಡ್ ಕೊಡುತ್ತಿದ್ದ. ಬಸ್‌ಸ್ಟ್ಯಾಂಡಿನ ಶೌಚಾಲಯಗಳಲ್ಲಿ ಗುರುತು ಸಿಗದ ಶವಗಳು. ಇಂಟರ್‌ನೆಟ್ ಇಲ್ಲದೆಯೇ ಪೂರ್ತಿ ಫೇಕ್ ಪ್ರೊಫೈಲ್: ಹೆಸರು, ಕೆಲಸ, ಜಾತಿ ಎಲ್ಲವೂ.

ಇಡೀ ಜಿಲ್ಲೆ ಹುಡುಗಿಯರನ್ನು 'ಹೊರಗಿನವನಿಂದ' ಕಾಯುತ್ತಿದ್ದ ವರ್ಷಗಳವು. ಅವನು ಬಂದದ್ದು ಒಳಗಿನವನ ವೇಷದಲ್ಲಿ. ಇಪ್ಪತ್ತು ಮನೆಗಳಲ್ಲಿ ಎಷ್ಟೋ ಮಂದಿ, ಮಗಳು ಯಾರ ಜೊತೆಗೋ ಹೋಗಿದ್ದಾಳೆ ಎಂಬ ಅವಮಾನದಿಂದ ದೂರನ್ನೂ ಗಟ್ಟಿಯಾಗಿ ಕೇಳಲಿಲ್ಲ. ಅವನು ನಂಬಿಕೊಂಡು ಕೂತದ್ದು ಆ ಮೌನವನ್ನೇ. ಈ ಪ್ರಕರಣ ಹೊರಬಂದ ಮೇಲೂ 'ಲವ್ ಜಿಹಾದ್' ಮಾತು ಕರಾವಳಿಯಲ್ಲಿ ಜೋರಾಗುತ್ತಲೇ ಹೋಯಿತು. 2020ರ ಫೆಬ್ರವರಿಯಲ್ಲಿ ಕೇಂದ್ರ ಗೃಹ ಖಾತೆಯ ರಾಜ್ಯ ಸಚಿವ ಜಿ. ಕಿಶನ್ ರೆಡ್ಡಿ, ಆ ಪದಕ್ಕೆ ಈಗಿನ ಕಾನೂನಿನಲ್ಲಿ ವ್ಯಾಖ್ಯಾನವೇ ಇಲ್ಲ, ಕೇಂದ್ರದ ಯಾವ ತನಿಖಾ ಸಂಸ್ಥೆಯೂ ಅಂಥ ಪ್ರಕರಣ ವರದಿ ಮಾಡಿಲ್ಲ ಅಂತ ಲೋಕಸಭೆಗೆ ತಿಳಿಸಿದರು. ಬಿಜೆಪಿ ಸರಕಾರದ್ದೇ ಉತ್ತರ ಅದು. ಇಲ್ಲಿನ ಫಾರ್ವರ್ಡ್‌ಗಳಲ್ಲಿ ಅದನ್ನು ನಾನು ಒಂದು ಸಲವೂ ನೋಡಿಲ್ಲ.

ಈಗಿನ ಸಂಗತಿಗೆ ಬರೋಣ. ಆನ್‌ಲೈನ್ ಸ್ನೇಹದ ಹೆಸರಿನಲ್ಲಿ ಇವತ್ತು ನಡೆಯುವ ವಂಚನೆಗಳ ಮಾದರಿ ನಿಮಗೆ ಗೊತ್ತಿದ್ದದ್ದೇ. ಲಂಡನ್ನಿನ ಡಾಕ್ಟರ್ ಗೆಳೆಯ ಗಿಫ್ಟ್ ಕಳಿಸುತ್ತಾನೆ, ಅದು ದೆಹಲಿ ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುತ್ತದೆ, ಬಿಡಿಸಲು ಹಣ. ಇನ್ನೊಂದು, ಚೆಂದದ ಹುಡುಗಿಯ ಪ್ರೊಫೈಲಿನಿಂದ ರಿಕ್ವೆಸ್ಟ್, ಎರಡೇ ದಿನದಲ್ಲಿ ವಾಟ್ಸ್‌ಆಪ್ ವೀಡಿಯೊ ಕಾಲ್, ಸ್ಕ್ರೀನ್ ರೆಕಾರ್ಡಿಂಗ್, ಆಮೇಲೆ ಬೆದರಿಕೆ, ಅದರ ಮೇಲೆ 'ಪೊಲೀಸ್ ಅಧಿಕಾರಿ'ಯ ಕರೆ. ಭರತಪುರ-ಮೇವಾತ್ ಕಡೆಯ ಜಾಲಗಳ ಹೆಸರು ಇದರಲ್ಲಿ ಪದೇಪದೇ ಕೇಳಿಬಂದಿದೆ. ಇದರಲ್ಲಿ ಹಣ ಕಳೆದುಕೊಂಡು ಬಾಯಿ ಮುಚ್ಚಿಕೊಂಡವರಲ್ಲಿ ಗಂಡಸರು ಬಹಳ, ಅದರಲ್ಲೂ ಮಧ್ಯವಯಸ್ಸಿನವರು. ಸಂಸ್ಕೃತಿ ಭಾಷಣ ಮಾಡುವವರೂ ಇರಬಹುದು, ಗೊತ್ತಾಗುವುದು ಹೇಗೆ!

ಆದರೆ ಮಂಗಳೂರಿಗೆ ಅದರದ್ದೇ ಒಂದು ಆವೃತ್ತಿ ಉಂಟು, ಅದಕ್ಕೆ ಬೆತ್ತಲೆ ಚಿತ್ರವೂ ಬೇಡ. ಫಿಸಿಯೋಥೆರಪಿ ಓದುತ್ತಿರುವ ಒಬ್ಬಳು ನನಗೆ ಹೇಳಿದ ಸಂಗತಿ ಇದು. ಅವಳ ಒಪ್ಪಿಗೆಯಿಂದ, ಗುರುತು ಸಿಗುವ ವಿವರ ಬಿಟ್ಟು ಬರೆಯುತ್ತಿದ್ದೇನೆ. ಇನ್‌ಸ್ಟಾಗ್ರಾಂನಲ್ಲಿ ಶುರುವಾದ ಓದುವವರ ಒಂದು ಸಣ್ಣ ಬಳಗ, ಆರೇಳು ಮಂದಿ, ಎಲ್ಲ ಮತದವರೂ ಉಂಟು. ಒಂದು ಭಾನುವಾರ ತಣ್ಣೀರುಬಾವಿಗೆ ಹೋಗಿ ಸೆಲ್ಫಿ ತೆಗೆದರು. ಬಳಗಕ್ಕೆ ಹೊಸದಾಗಿ ಸೇರಿದ್ದ ಒಂದು ಅಕೌಂಟು, ಮ್ಯೂಚುವಲ್ ಫ್ರೆಂಡ್ಸ್ ಬೇಕಾದಷ್ಟು ಇದ್ದದ್ದು, ಆ ಫೋಟೋವನ್ನು ಕತ್ತರಿಸಿ ಇವಳು ಮತ್ತು ಪಕ್ಕದಲ್ಲಿದ್ದ ಹುಡುಗ ಮಾತ್ರ ಕಾಣುವಂತೆ ಮಾಡಿ ಇವಳಿಗೇ ಕಳಿಸಿತು. ಹದಿನೈದು ಸಾವಿರ ಕೊಡು, ಇಲ್ಲದಿದ್ದರೆ ಇದು 'ಸಂಘಟನೆಯವರ ಗ್ರೂಪಿಗೆ' ಹೋಗ್ತದೆ, ನಿನ್ನ ಅಪ್ಪನಿಗೂ ಹೋಗ್ತದೆ.

ಕಡಲತೀರದಲ್ಲಿ ಬಟ್ಟೆ ತೊಟ್ಟು, ಮರಳಲ್ಲಿ ಕೂತು, ಐಸ್‌ಕ್ಯಾಂಡಿ ತಿನ್ನುತ್ತಿರುವ ಇಬ್ಬರ ಚಿತ್ರ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಇಲ್ಲಿ ಅದಕ್ಕೆ ಹದಿನೈದು ಸಾವಿರ ಅಂತ ಬೆಲೆ ಕಟ್ಟಲು ಬ್ಲ್ಯಾಕ್‌ಮೇಲರನಿಗೆ ಧೈರ್ಯ ಕೊಟ್ಟವರು ಯಾರು? ಅವನಿಗೂ ಆ ಸಂಘಟನೆಗೂ ಸಂಬಂಧ ಇರಬೇಕಾಗಿಯೂ ಇಲ್ಲ. ಬೀದಿಯಲ್ಲಿ ಬೇರೆಯವರು ಬೆಳೆಸಿಟ್ಟ ಹೆದರಿಕೆಯನ್ನು ಅವನು ಕೊಯ್ಲು ಮಾಡಿದ ಅಷ್ಟೇ.

ದೂರು ಕೊಡಲಿಲ್ವಾ ಅಂತ ಕೇಳಿದೆ. "ಅಣ್ಣ, ಕಂಪ್ಲೇಂಟ್ ಕೊಟ್ರೆ ಸ್ಟೇಷನ್‌ನಿಂದ ಅಪ್ಪನಿಗೆ ಫೋನ್ ಹೋಗ್ತದೆ. ಕೊಡದಿದ್ರೆ ಅವನಿಂದ ಹೋಗ್ತದೆ. ಯಾವುದು ತಡವಾಗಿ ಹೋಗ್ತದೆ ಅಂತ ಮಾತ್ರ ನಾನು ಲೆಕ್ಕ ಹಾಕಿದ್ದು" ಅಂದಳು. ಅವಳಿಗೆ 21 ವರ್ಷ. ಮತ ಹಾಕಿದ್ದಾಳೆ.

ಕಾನೂನಿನ ಪ್ರಕಾರ ಇದರಲ್ಲಿ ಗೊಂದಲವೇ ಇಲ್ಲ. ಹೆದರಿಸಿ ಹಣ ಕೇಳುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಸೆಕ್ಷನ್‌ಗೆ, ಬೆದರಿಕೆ 351ಕ್ಕೆ ಬರುತ್ತದೆ. ಬೇರೆಯವರ ಸೋಗಿನಲ್ಲಿ ವಂಚಿಸಿದ್ದರೆ ಐಟಿ ಕಾಯ್ದೆಯ 66ಡಿ. ದಾರಿಯಲ್ಲಿ ಅಡ್ಡಗಟ್ಟಿ ಹೆಸರು, ಐಡಿ ಕೇಳುವುದೂ ಅಪರಾಧವೇ, 126ನೇ ಸೆಕ್ಷನ್. ವಯಸ್ಕರು ಯಾರ ಜೊತೆ ಬಾಳಬೇಕು ಅನ್ನುವುದು ಅವರ ಆಯ್ಕೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹಾದಿಯಾ ಪ್ರಕರಣದಲ್ಲಿ ಹೇಳಿದೆ. ಮದುವೆಗೇ ಅಪ್ಪನ ಅನುಮತಿ ಬೇಡವಾದರೆ ಪುಸ್ತಕದ ಬಳಗಕ್ಕೆ ಯಾಕೆ? ಅದೇ ವರ್ಷದ ಜುಲೈನಲ್ಲಿ ತೆಹಸೀನ್ ಪೂನಾವಾಲಾ ಪ್ರಕರಣದಲ್ಲಿ, ಗುಂಪು ಹಿಂಸೆ ತಡೆಯಲು ಪ್ರತಿ ಜಿಲ್ಲೆಯಲ್ಲೂ ಎಸ್‌ಪಿ ದರ್ಜೆಗಿಂತ ಕಡಿಮೆಯಲ್ಲದ ನೋಡಲ್ ಅಧಿಕಾರಿ ಇರಬೇಕು ಅಂತಲೂ ಕೋರ್ಟ್ ಆದೇಶಿಸಿತು. ಆದೇಶಗಳಿಗೆ ಕೊರತೆ ಇಲ್ಲ.

ಕಂಪನಿಗಳ ಕಡೆಯಿಂದ ಏನು ನಿರೀಕ್ಷಿಸಬಹುದು ಅನ್ನುವುದಕ್ಕೂ ಕರಾವಳಿಯಲ್ಲೇ ಉದಾಹರಣೆಗಳಿವೆ. 2019ರ ಡಿಸೆಂಬರ್‌ನಲ್ಲಿ ಉಡುಪಿ ಜಿಲ್ಲೆಯವರೊಬ್ಬರು ಸೌದಿಯಲ್ಲಿ ಬಂಧನಕ್ಕೊಳಗಾದರು. ಅವರ ಹೆಸರಿನ ನಕಲಿ ಫೇಸ್‌ಬುಕ್ ಅಕೌಂಟಿನಿಂದ ಬಿದ್ದ ಪೋಸ್ಟ್ ಅದಕ್ಕೆ ಕಾರಣ. ಅಕೌಂಟು ಮಾಡಿದ ಆರೋಪದಲ್ಲಿ ಪೊಲೀಸರು ಬಂಧಿಸಿದ್ದು ಮೂಡುಬಿದಿರೆ ಕಡೆಯ ಇಬ್ಬರನ್ನು. ಆ ಮನುಷ್ಯ ಊರಿಗೆ ಮರಳಿದ್ದು 2021ರ ಆಗಸ್ಟ್‌ನಲ್ಲಿ. ಅಂಥದ್ದೇ ಇನ್ನೊಂದು ಪ್ರಕರಣದಲ್ಲಿ ಮಂಗಳೂರಿನವರೊಬ್ಬರಿಗೆ ಸೌದಿ ಕೋರ್ಟ್ 15 ವರ್ಷ ಶಿಕ್ಷೆ ವಿಧಿಸಿತು. ಮಾಹಿತಿ ಕೇಳಿ ಇಲ್ಲಿನ ಪೊಲೀಸರು ಬರೆದ ಪತ್ರಕ್ಕೆ ಫೇಸ್‌ಬುಕ್ ಸ್ಪಂದಿಸಲಿಲ್ಲ. 2023ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್, ಹೀಗೇ ಆದರೆ ಭಾರತದಲ್ಲಿ ನಿಮ್ಮ ಚಟುವಟಿಕೆಯನ್ನೇ ಮುಚ್ಚಿಸುವ ಆದೇಶದ ಬಗ್ಗೆ ಯೋಚಿಸಬೇಕಾಗ್ತದೆ ಅಂತ ಎಚ್ಚರಿಸಬೇಕಾಯಿತು. ಹೈಕೋರ್ಟಿನ ಬೆದರಿಕೆ ಬೇಕಾದರೆ, ಹಾಸ್ಟೆಲಿನ ಹುಡುಗಿಯ 'ರಿಪೋರ್ಟ್' ಬಟನ್‌ಗೆ ಎಷ್ಟು ಬೆಲೆ?

ಹಾಗಂತ ಏನೂ ಇಲ್ಲವೆಂದಲ್ಲ. ಖಾಸಗಿ ಚಿತ್ರ ಹಾಕುತ್ತೇನೆ ಅಂತ ಯಾರಾದರೂ ಬೆದರಿಸುತ್ತಿದ್ದರೆ ಸ್ಟಾಪ್‌ಎನ್‌ಸಿಐಐ ಎಂಬ ತಾಣ 2021ರ ಕೊನೆಯಿಂದ ಉಂಟು. ಅದರ ಕೆಲಸದ ರೀತಿ ನನ್ನೊಳಗಿನ ಎಂಜಿನಿಯರನಿಗೆ ಇಷ್ಟ. ಚಿತ್ರ ನಿಮ್ಮ ಫೋನ್ ಬಿಟ್ಟು ಹೋಗುವುದೇ ಇಲ್ಲ. ಫೋನಿನಲ್ಲೇ ಅದರಿಂದ ಒಂದು ಉದ್ದದ ಸಂಖ್ಯೆ ತಯಾರಾಗುತ್ತದೆ, ಬೆರಳಚ್ಚಿನ ಹಾಗೆ. ಆ ಬೆರಳಚ್ಚು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದವಕ್ಕೆ ಹೋಗುತ್ತದೆ, ಹೊಂದುವ ಚಿತ್ರ ಯಾರೇ ಹಾಕಿದರೂ ತಡೆಯಬಹುದು. 18 ತುಂಬದವರಿಗೆ ಇದೇ ಬಗೆಯ 'ಟೇಕ್ ಇಟ್ ಡೌನ್' ಉಂಟು. ಹಣ ಹೋಗಿದ್ದರೆ 1930ಕ್ಕೆ ತಕ್ಷಣ ಕರೆ ಮಾಡಬೇಕು, ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರುತ್ತದೆ. ಚಾಟ್ ಅಳಿಸಬೇಡಿ, ಹಣ ಕೊಡಬೇಡಿ. ಒಮ್ಮೆ ಕೊಟ್ಟವರಿಗೆ ಎರಡನೇ ಕರೆ ಬಂದೇ ಬರುತ್ತದೆ. ಆದರೆ ತಣ್ಣೀರುಬಾವಿಯ ಆ ಸೆಲ್ಫಿ ಸ್ಟಾಪ್‌ಎನ್‌ಸಿಐಐಗೆ ಬರುವಂಥದ್ದಲ್ಲ. ಜಗತ್ತಿನ ಯಾವ ತಂತ್ರಜ್ಞನ ಕಣ್ಣಿಗೂ ಅದು ಆಕ್ಷೇಪಾರ್ಹ ಚಿತ್ರವೇ ಅಲ್ಲ.

ನಮ್ಮ ಪಾಳಯದವರಿಗೂ ಒಂದು ಮಾತು. ಅಪ್ಪ-ಅಮ್ಮನ ಪ್ರತಿಯೊಂದು ಆತಂಕವನ್ನೂ ನೈತಿಕ ಪೊಲೀಸ್‌ಗಿರಿ ಅಂತ ಕರೆಯುವ ಚಾಳಿ ನಮ್ಮಲ್ಲಿ ಬೆಳೆದಿದೆ. ಹದಿನಾರರ ಹುಡುಗಿ ಮೂವತ್ತು ದಾಟಿದ 'ಫ್ರೆಂಡ್' ಜೊತೆ ರಾತ್ರಿ ಎರಡರವರೆಗೆ ಚಾಟ್ ಮಾಡುತ್ತಿದ್ದರೆ ಅದನ್ನು ಕೇಳುವ ಅಮ್ಮ ಸಂಘಟನೆಯವಳಲ್ಲ, ಅಮ್ಮ. ಅಲ್ಲಿ ಪೋಕ್ಸೊ ಕಾಯ್ದೆ ಉಂಟು, ಇರಲೇಬೇಕು. ಅಂತರಧರ್ಮೀಯ ಸ್ನೇಹ ಅಂದ ಕೂಡಲೇ ಆ ಹುಡುಗ ಒಳ್ಳೆಯವನೇ ಆಗಿರಬೇಕು ಅಂತಲೂ ಇಲ್ಲ. ಎಲ್ಲ ಹೆಸರಿನವರಲ್ಲೂ ಮೋಸಗಾರರಿದ್ದಾರೆ. ಮೋಸವನ್ನು ಅಳೆಯಬೇಕಾದದ್ದು ನಡತೆಯಿಂದ: ಹಣ ಕೇಳಿದನಾ, ಗುಟ್ಟಾಗಿಡು ಅಂದನಾ, ವೀಡಿಯೊ ಕಾಲ್‌ಗೆ ಮುಖ ತೋರಿಸಿದನಾ, ಅವನ ಗೆಳೆಯರ ಮುಂದೆ ನಿನ್ನನ್ನು ಪರಿಚಯಿಸಿದನಾ? ಸಯನೈಡ್ ಮೋಹನ್ ಇವುಗಳಲ್ಲಿ ಒಂದನ್ನೂ ಪಾಸಾಗುತ್ತಿರಲಿಲ್ಲ. ಹೆಸರಿನ ಪರೀಕ್ಷೆಯಲ್ಲಿ ಮಾತ್ರ ಪ್ರತಿಸಲ ಫಸ್ಟ್ ಕ್ಲಾಸ್.

ಸರಕಾರ ಏನೂ ಮಾಡಿಲ್ಲವೆಂದೂ ಹೇಳಲಾರೆ. ಸೋಮೇಶ್ವರದ ಘಟನೆಯಾದ ವಾರದೊಳಗೆ ಗೃಹ ಸಚಿವ ಜಿ. ಪರಮೇಶ್ವರ ಮಂಗಳೂರು ಪೊಲೀಸ್‌ನಲ್ಲಿ ಕೋಮುವಾದ ನಿಗ್ರಹ ದಳ ಮಾಡುವುದಾಗಿ ಘೋಷಿಸಿದರು. 2025ರ ಮೇ ತಿಂಗಳಲ್ಲಿ ಸುಹಾಸ್ ಶೆಟ್ಟಿ, ಅಬ್ದುಲ್ ರಹಿಮಾನ್ ಕೊಲೆಗಳಾದ ಮೇಲೆ ಜೂನ್‌ನಲ್ಲಿ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಕ್ಕೆ ವಿಶೇಷ ಕಾರ್ಯಪಡೆ ಬಂತು. ಕೊಲೆಯ ಮಟ್ಟಕ್ಕೆ ಹೋದದ್ದನ್ನು ತಡೆಯಲು ಪಡೆ ಬೇಕು, ಸರಿ. ಆದರೆ ನಾನು ಹೇಳುತ್ತಿರುವ ಹೆದರಿಕೆ ಅದಕ್ಕಿಂತ ಎಷ್ಟೋ ಕೆಳಗಿನ ಮಟ್ಟದಲ್ಲಿ, ಠಾಣೆಯ ಮೇಜಿನ ಬಳಿ ಇರುವಂಥದ್ದು. ವಯಸ್ಕಳೊಬ್ಬಳು ಬ್ಲ್ಯಾಕ್‌ಮೇಲ್ ದೂರು ತಂದರೆ ಮನೆಯವರಿಗೆ ಕರೆ ಮಾಡಬಾರದು ಅಂತ ಕಮಿಷನರ್ ಒಂದು ಸುತ್ತೋಲೆ ಹೊರಡಿಸಿ, ಅದನ್ನು ಪ್ರತಿ ಠಾಣೆಯ ಗೋಡೆಗೆ, ಪ್ರತಿ ಕಾಲೇಜಿನ ಬೋರ್ಡಿಗೆ ಹಚ್ಚಬಹುದು. ಅದಕ್ಕೆ ಬಜೆಟ್ ಬೇಡ, ಪಡೆ ಬೇಡ. ಜಾಗೃತಿ ಕಾರ್ಯಕ್ರಮದ ಸ್ಲೈಡಿನಲ್ಲಿ ಹಾಕಬೇಕಾದ ಮೊದಲ ವಾಕ್ಯವೂ ಅದೇ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆ, ಮಕ್ಕಳ ಮೇಲಿನ ಕೆಲವು ಅಪರಾಧಗಳಿಗೆ ಹೆಸರು ಹೇಳದೆ ದೂರು ಕೊಡುವ ಅವಕಾಶ ಉಂಟು, ಆದರೆ ಹಾಗೆ ಕೊಟ್ಟರೆ ಮುಂದೇನಾಯಿತು ಅಂತ ಹಿಂಬಾಲಿಸಲು ಆಗುವುದಿಲ್ಲ. ಹೆಸರು ಹೇಳಿಯೂ ಹೆದರದೆ ಇರುವ ವ್ಯವಸ್ಥೆ ಬೇಕು.

ಫಿಸಿಯೋಥೆರಪಿ ಹುಡುಗಿ ಹಣ ಕೊಡಲಿಲ್ಲ. ದೊಡ್ಡಮ್ಮನ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ ದೂರು ಕೊಟ್ಟಳು, ಎರಡನೇ ಸಲ ಹೋದಾಗ ತೆಗೆದುಕೊಂಡರು. ಆ ಅಕೌಂಟು ಈಗ ಇಲ್ಲ. ಹಿಂದೆ ಇದ್ದವನು ಯಾರು ಅಂತ ಇನ್ನೂ ತಿಳಿದಿಲ್ಲ. ಓದುವ ಬಳಗ ಮುರಿದಿಲ್ಲ, ಆದರೆ ಮಂಗಳೂರಿನಲ್ಲಿ ಸೇರುವುದನ್ನು ನಿಲ್ಲಿಸಿದ್ದಾರೆ. ಎರಡು ತಿಂಗಳಿಗೊಮ್ಮೆ ಬೆಳಿಗ್ಗೆ ಸೆಂಟ್ರಲ್‌ನಲ್ಲಿ ಬೇರೆ ಬೇರೆ ಬೋಗಿ ಹತ್ತಿ, ಕಾಸರಗೋಡು ದಾಟಿದ ಮೇಲೆ ಒಂದೇ ಬೋಗಿಗೆ ಬಂದು, ಕೋಝಿಕ್ಕೋಡ್ ಬೀಚಿನಲ್ಲಿ ಕೂತು ಓದಿ, ಸಂಜೆಯ ರೈಲಿಗೆ ವಾಪಸ್ ಬರ್ತಾರಂತೆ.